ಮಹಡಿ ಮನೆಯ ಅಕ್ಕನ ಲೆಕ್ಕ

ಮಕ್ಕಳೇ, ಈ ಯುಗಾದಿಯ ಹೊತ್ತಿಗೆ ನಮ್ಮ ಮಹಡಿ ಮನೆಗೆ ಹೊಸ ಬಾಡಿಗೆಯವರು ಬಂದರು. ಬಾಡಿಗೆಯವರು ಅಂದರೆ ಒಬ್ಬಳೇ ಹುಡುಗಿ. ಸಾಮಾನು ಅಂದರೆ ಎರಡು ಪೆಟ್ಟಿಗೆ ಪುಸ್ತಕ, ಒಂದು ಸ್ಟೌವ್, ಒಂದು ಸೈಕಲ್. ಆ ಸೈಕಲ್ಲನ್ನು ಮಗುವಿನ ಹಾಗೆ ಹೆಗಲಿಗೆ ಏರಿಸಿಕೊಂಡು ಮೆಟ್ಟಿಲು ಹತ್ತಿದಳು. ನನ್ನ ಮೊಮ್ಮಗ ಪುಟ್ಟ ಆರನೇ ಕ್ಲಾಸು. ಸುದ್ದಿ ತರುವುದರಲ್ಲಿ ಅವನು ದಿನಪತ್ರಿಕೆಗಿಂತ ಮುಂದು. "ಅಜ್ಜಿ, ಆ ಅಕ್ಕ ಡಾಕ್ಟರ್ ಆಗ್ತಾಳಂತೆ!" ಎಂದು ಓಡಿಬಂದ.

ನನಗೆ ಖುಷಿಯಾಯಿತು. ಮನೆಯಲ್ಲೇ ಡಾಕ್ಟರು ಅಂದರೆ ಸಾಮಾನ್ಯವೇ? ಮರುದಿನ ಬೆಳಿಗ್ಗೆ ಒಂದು ಲೋಟ ಕಾಫಿ ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತು ಕೇಳಿಯೇ ಬಿಟ್ಟೆ. "ನೋಡಮ್ಮ, ಈ ಮಂಡಿನೋವಿಗೆ ಏನಾದರೂ ಒಳ್ಳೆಯ ಮಾತ್ರೆ ಇದ್ದರೆ ಹೇಳು."

ಅವಳು ಬಾಯಿ ತುಂಬ ನಕ್ಕಳು. "ಇಲ್ರೀ ಅಜ್ಜಿ, ನಾ ಆ ಡಾಕ್ಟರ್ ಅಲ್ಲ. ರೋಡಿಗೆ, ಬಸ್ಸಿಗೆ ಜಡ್ಡಾದ್ರ ನೋಡೂ ಡಾಕ್ಟರ್ ಆಗಾಕತ್ತೀನಿ!"

ಹೀಗೆ ಶುರುವಾಯಿತು ನಮ್ಮ ಪರಿಚಯ. ಅವಳು ಓದುತ್ತಿರುವುದು ಪಿಎಚ್.ಡಿ. ಅಂದರೆ ಒಂದು ಪ್ರಶ್ನೆಯನ್ನು ಹಿಡಿದು, ಅದಕ್ಕೆ ಈವರೆಗೆ ಯಾರೂ ಕೊಡದ ಉತ್ತರವನ್ನು ನಾಲ್ಕೈದು ವರ್ಷ ಹುಡುಕುವುದು. ಸಿಕ್ಕಿದ್ದನ್ನು ಬರೆದು, ಬಲ್ಲವರ ಮುಂದೆ ನಿಂತು, ಅವರು ಕೇಳಿದ್ದಕ್ಕೆಲ್ಲ ಸಮಾಧಾನ ಹೇಳುವುದು. ಆಮೇಲೆ ಹೆಸರಿನ ಹಿಂದೆ 'ಡಾ.' ಬರುತ್ತದೆ. ಇವಳ ವಿಷಯ ಸುಸ್ಥಿರ ಸಾರಿಗೆ.

"ಸುಸ್ಥಿರ ಅಂದರೆ?" ಎಂದು ಪುಟ್ಟ ಕೇಳಿದ. ಅವಳು ತಮ್ಮೂರಿನ ಮಾತಿನಲ್ಲೇ ಹೇಳಿದಳು. ಹಸಿವಾಯಿತು ಎಂದು ಬಿತ್ತನೆಗೆ ಇಟ್ಟ ಜೋಳವನ್ನೇ ಬೀಸಿ ರೊಟ್ಟಿ ತಟ್ಟಿದರೆ ಇವತ್ತು ಹೊಟ್ಟೆ ತುಂಬುತ್ತದೆ, ಮುಂದಿನ ವರ್ಷ ಹೊಲ ಬರಿದು. ನಾವೂ ಉಣ್ಣಬೇಕು, ಬೀಜವೂ ಉಳಿಯಬೇಕು. ಅದೇ ಸುಸ್ಥಿರ. 1987ರಲ್ಲಿ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವೊಂದು ದೊಡ್ಡ ವರದಿಯಲ್ಲಿ ಹೇಳಿದ್ದರ ಸಾರವೂ ಇದೇ: ಇಂದಿನವರ ಅಗತ್ಯ ತೀರಬೇಕು, ಆದರೆ ನಾಳಿನವರ ಪಾಲನ್ನು ಕಸಿಯಬಾರದು. ಓಡಾಟಕ್ಕೂ ಇದೇ ನ್ಯಾಯ. ನಾವು ಹೋಗಬೇಕಾದಲ್ಲಿಗೆ ಹೋಗಬೇಕು. ಅದಕ್ಕಾಗಿ ಗಾಳಿ ಕೆಡಬಾರದು, ಬಡವರ ಜೇಬು ಬರಿದಾಗಬಾರದು, ಯಾರ ಕೈಕಾಲೂ ಮುರಿಯಬಾರದು.

ಈ ಹುಡುಗಿಗೆ ಈ ಹುಚ್ಚು ಹತ್ತಿದ್ದು ಹೇಗೆ? ಅದನ್ನು ಅವಳು ಒಮ್ಮೆಗೇ ಹೇಳಲಿಲ್ಲ. ಶನಿವಾರ ಸಂಜೆಗಳಲ್ಲಿ ಗಿರಮಿಟ್ ಮಾಡಿ ಒಂದು ತಟ್ಟೆ ಕೆಳಗೆ ತರುತ್ತಿದ್ದಳು. ಮಂಡಕ್ಕಿ ಮೆಲ್ಲುತ್ತಾ, ಜಗಲಿಯಲ್ಲಿ ಕೂತು, ತುಸುತುಸುವೇ ಹೇಳಿದಳು.

ಅವಳ ಊರು ಧಾರವಾಡ ಜಿಲ್ಲೆಯಲ್ಲಿ, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕಡೆ. ಅಪ್ಪನದು ಸೈಕಲ್ ಅಂಗಡಿ. ನನ್ನ ವಾರಿಗೆಯ ಅಜ್ಜ ಅಜ್ಜಿಯರೇ, ನಿಮಗೆ ನೆನಪಿರಬೇಕು. ಆಗೆಲ್ಲ ಸೈಕಲ್ಲು ಕೊಳ್ಳುವ ಶಕ್ತಿ ಎಲ್ಲಿತ್ತು? ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಿದ್ದೆವು. ಅಂಗಡಿಯವನು ಚೀಟಿಯಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದ. ಐದು ನಿಮಿಷ ತಡವಾದರೂ ಎದೆ ಡವಡವ. ಅವಳ ಅಪ್ಪನ ಅಂಗಡಿಯೂ ಅಂಥದ್ದೇ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿ ಪಂಕ್ಚರ್ ಹಾಕುವುದನ್ನು ಅವಳು ಎಂಟನೇ ವಯಸ್ಸಿಗೇ ಕಲಿತಿದ್ದಳು. ಊರಿಗೆ ಮೋಟರ್ ಬೈಕುಗಳು ಬಂದ ಮೇಲೆ ಬಾಡಿಗೆ ಸೈಕಲ್ಲನ್ನು ಕೇಳುವವರಿಲ್ಲವಾಯಿತು. "ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಶುರು ಮಾಡಿದ್ರಲ್ರೀ, ಅದನ್ನ ಓದಿ ನಮ್ಮಪ್ಪ ನಕ್ಕೋತ ಅಂದ, 'ನಾ ಅಂಗಡಿ ಮುಚ್ಚಿದ್ ಮ್ಯಾಲೆ ಇವ್ರಿಗೆ ಬುದ್ಧಿ ಬಂತ್ ನೋಡು!'"

ಹೈಸ್ಕೂಲು ಊರಿಂದ 5 ಕಿಲೋಮೀಟರ್. ಬೆಳಿಗ್ಗೆ ಒಂದೇ ಬಸ್ಸು. ತಪ್ಪಿದರೆ ನಡಿಗೆ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ಅವಳಿಗೂ ಒಂದು ಸಿಕ್ಕಿತು. ಅದೇ ಅವಳನ್ನು ಹತ್ತನೇ ಕ್ಲಾಸು ದಾಟಿಸಿತು.

ಅವಳ ತರಗತಿಯಲ್ಲಿ ಒಬ್ಬಳು ಗೆಳತಿ ಇದ್ದಳು. ಹಳ್ಳದ ಆಚೆಯ ಊರಿನವಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸ್ಸು ಬರುವುದಿಲ್ಲ, ಸೈಕಲ್ಲೂ ದಾಟುವುದಿಲ್ಲ. ಒಂಬತ್ತನೇ ಕ್ಲಾಸಿನ ಮಳೆಗಾಲದಲ್ಲಿ ಆ ಹುಡುಗಿ ಮೂರು ವಾರ ಬರಲಿಲ್ಲ. ಮಳೆ ನಿಂತ ಮೇಲೂ ಬರಲಿಲ್ಲ. "ಇಷ್ಟು ತಾಪತ್ರಯ ಯಾಕ" ಎಂದು ಮನೆಯವರು ಶಾಲೆ ಬಿಡಿಸಿದ್ದರು.

"ಆಕಿ ನಮ್ಮ ಕ್ಲಾಸಿಗೆ ಫಸ್ಟ್ ಬರ್ತಿದ್ಲು ಅಜ್ಜಿ. ನಾ ಸೆಕೆಂಡು. ಆಕಿ ಬಿಟ್ಟ ಮ್ಯಾಲೆ ನಾ ಫಸ್ಟ್ ಬಂದೆ. ಎಲ್ಲಾರೂ ಶಾಬಾಸ್ ಅಂದ್ರು. ಆ ಫಸ್ಟ್ ನಂದಲ್ಲ ಅಂತ ನನಗೊಬ್ಬಾಕಿಗೇ ಗೊತ್ತಿತ್ತು."

ಇದನ್ನು ಹೇಳುವಾಗ ಅವಳು ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಪುಟ್ಟನೂ ಮಾತಾಡಲಿಲ್ಲ.

ಒಂದು ಸೈಕಲ್ಲು, ಒಂದು ಬಸ್ಸು, ಒಂದು ಸಣ್ಣ ಸೇತುವೆ ಓದನ್ನು ಎಷ್ಟು ಬದಲಿಸುತ್ತವೆ ಎಂಬುದಕ್ಕೆ ಲೆಕ್ಕ ಇದೆ ಮಕ್ಕಳೇ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು ನೋಡಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಏರಿತ್ತು. ಅಕ್ಕನ ಕೋಣೆಯ ಗೋಡೆಯ ಮೇಲೆ ಆ ಅಧ್ಯಯನದ ಮೊದಲ ಪುಟವನ್ನು ಅಂಟಿಸಿಕೊಂಡಿದ್ದಾಳೆ.

ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಸೇರಿದಳು. ಅವಳು ಓದುತ್ತಿದ್ದಾಗಲೇ, 2018ರಲ್ಲಿ, ಹುಬ್ಬಳ್ಳಿ-ಧಾರವಾಡದ ನಡುವೆ 'ಚಿಗರಿ' ಬಸ್ಸುಗಳು ಓಡತೊಡಗಿದವು. ರಸ್ತೆಯ ನಡುವೆ ಬಸ್ಸಿಗೇ ಬೇರೆ ದಾರಿ. ನಿಲ್ದಾಣದ ಕಟ್ಟೆ ಬಸ್ಸಿನ ಬಾಗಿಲಿಗೆ ಸಮ. ಮೆಟ್ಟಿಲು ಹತ್ತಲಾರದೆ ವರ್ಷಗಟ್ಟಲೆ ಬಸ್ಸನ್ನೇ ಬಿಟ್ಟಿದ್ದ ಅವಳ ಸ್ವಂತ ಅಜ್ಜಿ, ಹೊಸ್ತಿಲು ದಾಟಿದ ಹಾಗೆ ಚಿಗರಿಯೊಳಗೆ ಕಾಲಿಟ್ಟು ಧಾರವಾಡದ ತಂಗಿಯ ಮನೆಗೆ ಹೋಗಿಬಂದರಂತೆ. ಮನೆ, ಸೇತುವೆ ಕಟ್ಟುವುದಕ್ಕಿಂತ ಜನರ ಓಡಾಟವನ್ನು ಓದುತ್ತೇನೆ ಎಂದು ಅವಳು ನಿಶ್ಚಯಿಸಿದ್ದು ಆ ದಿನ.

ಈಗ ಅವಳ ದಿನಚರಿ ಕೇಳಿ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಇಡೀ ಊರಿನ ರಸ್ತೆಗಳನ್ನು ಗೆರೆಗಳಾಗಿ ಬಿಡಿಸಿ, ಅದರ ಮೇಲೆ ಚುಕ್ಕೆಗಳಂತೆ ಬಸ್ಸು, ಕಾರು, ಜನರನ್ನು ಓಡಿಸುತ್ತಾಳೆ. ಇಲ್ಲೊಂದು ಬಸ್ಸು ಹೆಚ್ಚಿಸಿದರೆ ಯಾರಿಗೆ ಅನುಕೂಲ, ಅಲ್ಲೊಂದು ದಾರಿ ಮುಚ್ಚಿದರೆ ಯಾರಿಗೆ ತೊಂದರೆ ಎಂದು ಮೊದಲು ಅಲ್ಲಿ ನೋಡುವುದು. ಮಧ್ಯಾಹ್ನ ಬಸ್‌ ಸ್ಟಾಪಿನಲ್ಲಿ ನಿಂತು ಜನರನ್ನು ಮಾತಾಡಿಸುತ್ತಾಳೆ. ಎಷ್ಟು ಹೊತ್ತಿನಿಂದ ಕಾಯುತ್ತಿದ್ದೀರಿ? ಬಸ್ಸು ಬರದಿದ್ದರೆ ಏನು ಮಾಡುತ್ತೀರಿ? ಭಾನುವಾರ ಅವಳ ಆಟ ಅಂದರೆ ಯಾವುದಾದರೂ ಒಂದು ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬರುವುದು. ಹಳೆಯ ಬಸ್ ಟಿಕೆಟ್ಟುಗಳನ್ನು ಒಂದು ಆಲ್ಬಮಿನಲ್ಲಿ ಅಂಟಿಸಿದ್ದಾಳೆ. ಪುಟ್ಟನ ಅಂಚೆಚೀಟಿಗಳಿಗೂ ಅವಳ ಟಿಕೆಟ್ಟುಗಳಿಗೂ ಈಗ ಪೈಪೋಟಿ.

ಒಂದು ದಿನ ಅವಳು ಪುಟ್ಟನಿಗೆ ಹೀಗೆ ಲೆಕ್ಕ ಕೊಟ್ಟಳು. 60 ಜನ ಹೋಗಬೇಕು. ಒಂದು ಬಸ್ಸಿನ ಉದ್ದ 12 ಮೀಟರ್. ಅದೇ ಜನ ಕಾರಿನಲ್ಲಿ ಹೋದರೆ? ಕೆಲವು ಕಾರಿನಲ್ಲಿ ಒಬ್ಬರು, ಕೆಲವದರಲ್ಲಿ ಇಬ್ಬರು, ಸರಾಸರಿ ಒಂದೂವರೆ ಅಂದುಕೊಂಡರೆ 40 ಕಾರು ಬೇಕು. ಒಂದು ಕಾರಿಗೆ 4 ಮೀಟರ್, ನಡುವೆ 2 ಮೀಟರ್ ಸಂದು. 40 ಗುಣಿಸು 6. ಪುಟ್ಟ ಬಾಯಲ್ಲೇ ಹೇಳಿದ, "240 ಮೀಟರ್!"

"ಅಕ್ಕ, ಎಲ್ಲ ಕಾರೂ ಬ್ಯಾಟರಿ ಕಾರಾದರೆ ಸರಿಹೋಗುತ್ತಲ್ಲ?" ಎಂದ.

"ಹೊಗಿ ಹೋಗ್ತದ ಪುಟ್ಟಾ, ಒಳ್ಳೇದ. ಆದ್ರ 240 ಮೀಟರ್ ಎಲ್ಲಿ ಹೋತು?"

ಇಷ್ಟೆಲ್ಲ ಹೇಳಿದೆನಲ್ಲ, ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ.

ನಮ್ಮ ಮನೆಯ ಮುಂದಿನ ಬೀದಿ ಮುಗಿದರೆ ದೊಡ್ಡ ರಸ್ತೆ. ರಸ್ತೆಯ ಆಚೆ ಗ್ರಂಥಾಲಯ, ಪಕ್ಕದಲ್ಲೇ ಪಾರ್ಕು. ನನ್ನ ಗೆಳತಿಯರು ಸಂಜೆ ಕೂರುವ ಕಲ್ಲುಬೆಂಚು ಅಲ್ಲೇ. ಹನ್ನೆರಡು ವರ್ಷ ಪ್ರತಿ ಸಂಜೆ ಹೋಗುತ್ತಿದ್ದೆ. ಶಿವರಾತ್ರಿಯ ಮರುವಾರ ರಸ್ತೆ ದಾಟುವಾಗ, ನಾನು ನಡುವೆ ಇರುವಾಗಲೇ ಹಸಿರು ಮನುಷ್ಯ ಹೋಗಿ ಕೆಂಪು ಮನುಷ್ಯ ಬಂದ. ವಾಹನಗಳು ಹೊರಟವು. ಒಂದು ಸ್ಕೂಟರು ನನ್ನ ಸೆರಗನ್ನು ಸವರಿಕೊಂಡೇ ಹೋಯಿತು. ಬೀಳಲಿಲ್ಲ, ಪೆಟ್ಟಾಗಲಿಲ್ಲ. ಆದರೆ ಮರುದಿನ ಹೊರಡಲು ಕಾಲು ಏಳಲಿಲ್ಲ. "ಮಂಡಿನೋವು" ಎಂದೆ. ಅದರ ಮರುದಿನವೂ ಮಂಡಿನೋವು. ಮಗ ಮುಲಾಮು ತಂದ, ಸೊಸೆ ಬಿಸಿನೀರಿನ ಚೀಲ ತಂದಳು. ನಿಜ ಏನೆಂದರೆ, ಮಂಡಿ ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ನೋವಿದ್ದದ್ದು ಧೈರ್ಯಕ್ಕೆ. ವಯಸ್ಸಾಯಿತು, ನಿಧಾನವಾದೆ, ತಪ್ಪು ನನ್ನದೇ ಎಂದು ಸುಮ್ಮನಾಗಿಬಿಟ್ಟಿದ್ದೆ.

ಆಷಾಢದ ಒಂದು ಸಂಜೆ ಅಕ್ಕ ಟೇಪು ಹಿಡಿದುಕೊಂಡು ಬಂದಳು. "ಅಜ್ಜಿ, ನನಗೊಂದು ಉಪಕಾರ ಮಾಡ್ರಿ. ಪಡಸಾಲಿಯಿಂದ ಹಿತ್ತಲ ಬಾಗಿಲ ತನಕ ದಿನಾ ನಡದಂಗ ನಡೀರಿ." ಅಳೆದಿದ್ದಳು, 7 ಮೀಟರ್. ಪುಟ್ಟ ಗಡಿಯಾರ ಹಿಡಿದ. ಅವನಿಗೆ 5 ಸೆಕೆಂಡು, ನನಗೆ 10. ಅಂದರೆ ನನ್ನ ವೇಗ ಸೆಕೆಂಡಿಗೆ 0.7 ಮೀಟರ್.

"ಹೊರಗಿನ ರೋಡು 14 ಮೀಟರ್ ಅಗಲ ಐತಿ. ಹಸಿರು ಇರೂದು 12 ಸೆಕೆಂಡು. ನಾ ಎಣಿಸಿ ಬಂದೀನಿ."

ಮಕ್ಕಳೇ, ನಾನು ಮೂವತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಹೇಳಿದವಳು. 100 ಮೀಟರ್ ಉದ್ದದ ರೈಲು ಸೇತುವೆ ದಾಟಲು ಎಷ್ಟು ಹೊತ್ತು ಬೇಕು ಎಂದು ಸಾವಿರ ಸಲ ಬೋರ್ಡಿನ ಮೇಲೆ ಬರೆದವಳು. ನನ್ನದೇ ಲೆಕ್ಕವನ್ನು ನಾನು ಮಾಡಿರಲಿಲ್ಲ! 14 ಭಾಗಿಸು 0.7. ನನಗೆ 20 ಸೆಕೆಂಡು ಬೇಕು. ಸಿಗುವುದು 12. ಆ 12ರಲ್ಲಿ ನಾನು ಹೋಗಬಲ್ಲದ್ದು 8.4 ಮೀಟರ್. ಅಂದರೆ ಸರಿಯಾಗಿ ನಡುರಸ್ತೆ ದಾಟಿದ ಮೇಲೆ, ಆ ಸ್ಕೂಟರು ಬಂದ ಜಾಗ.

"12 ಹೆಂಗ ಬಂತು ಗೊತ್ತೇನ್ರೀ? ಸೆಕೆಂಡಿಗೆ 1.2 ಮೀಟರ್ ನಡೀತಾರ ಅಂತ ಹಿಡದಾರ. ಅದು ಗಟ್ಟಿಮುಟ್ಟು ಇದ್ದವ್ರ ನಡಗಿ. ನಿಮ್ಮ ಕಾಲಿಂದ ತಪ್ಪಲ್ರೀ ಅಜ್ಜಿ. ಲೆಕ್ಕದ್ದು ತಪ್ಪು."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದು ಬಂದೆ.

ಈ 1.2 ಮೀಟರ್ ಎಂಬುದು ಬಹಳ ದೇಶಗಳಲ್ಲಿ ಬಹಳ ಕಾಲದಿಂದ ಬಳಸಿದ ಅಂಕಿ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆಯನ್ನು ಅಳೆದಾಗ ಗಂಡಸರದು ಸರಾಸರಿ 0.9, ಹೆಂಗಸರದು 0.8 ಮೀಟರ್ ಎಂದು ತಿಳಿದು, ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಸೆಕೆಂಡಿಗೆ 4 ಅಡಿ ಎಂದಿದ್ದದ್ದನ್ನು 2009ರಲ್ಲಿ ಮೂರೂವರೆ ಅಡಿಗೆ ಇಳಿಸಿದರು. ಅದೇ 2009ರಲ್ಲಿ ಸಿಂಗಪುರದವರು ಇನ್ನೊಂದು ಉಪಾಯ ಮಾಡಿದರು. ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ ಹಸಿರು 3ರಿಂದ 13 ಸೆಕೆಂಡು ಹೆಚ್ಚು ಇರುತ್ತದೆ. ನನಗೆ ಬೇಕಾದದ್ದು 8 ಮಾತ್ರ!

"ಹಾಗಾದರೆ ಇಲ್ಲೂ 8 ಸೆಕೆಂಡು ಹೆಚ್ಚಿಸಲಿ" ಎಂದ ಪುಟ್ಟ. ಅಕ್ಕ ತಲೆ ಅಲ್ಲಾಡಿಸಿದಳು. ಹೆಚ್ಚಿಸಬಹುದು, ಆದರೆ ಆ ಹೊತ್ತು ಆ ಕಡೆ ನಿಂತ ಬಸ್ಸಿನ 60 ಜನರೂ ಕಾಯಬೇಕು. ಅವರಲ್ಲೂ ಅಜ್ಜಿಯರಿರುತ್ತಾರೆ. ಯಾರ ಹೊತ್ತನ್ನು ಯಾರಿಗೆ ಕೊಡಬೇಕು ಎಂದು ತೂಗುವುದೇ ಅವಳ ಓದಿನ ಕಷ್ಟದ ಭಾಗವಂತೆ. ವಾಹನಗಳನ್ನಲ್ಲ, ಮನುಷ್ಯರನ್ನು ಎಣಿಸಬೇಕು ಎನ್ನುತ್ತಾಳೆ. ಆಮೇಲೆ ಒಂದು ಚಿತ್ರ ಬರೆದು ತೋರಿಸಿದಳು. ರಸ್ತೆಯ ನಡುವೆ ಒಂದು ಪುಟ್ಟ ಕಟ್ಟೆ, ಸುತ್ತ ಗಟ್ಟಿ ಕಂಬಿ. ಮೊದಲ ಹಸಿರಿಗೆ ಅಲ್ಲಿಯವರೆಗೆ, ಮುಂದಿನ ಹಸಿರಿಗೆ ಆಚೆ ದಡಕ್ಕೆ. ಅರ್ಧ ರಸ್ತೆ 7 ಮೀಟರ್, ನನಗೆ 10 ಸೆಕೆಂಡು ಸಾಕು. ಇರುವ 12ರಲ್ಲೇ ಆಗುತ್ತದೆ!

ಬೀದಿಯ ಮಕ್ಕಳೆಲ್ಲ ಸೇರಿ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದರು. ಲೆಕ್ಕ, ಚಿತ್ರ ಎಲ್ಲ ಜೊತೆಗಿಟ್ಟರು. ಮಕ್ಕಳ ಪತ್ರಕ್ಕೆ ಯಾರು ಬೆಲೆ ಕೊಡುತ್ತಾರೆ ಎಂದು ನಾನು ಗೊಣಗಿದೆ. ಆಗ ಅಕ್ಕ ನೆದರ್ಲೆಂಡ್ಸಿನ ಕಥೆ ಹೇಳಿದಳು. ಇವತ್ತು ಸೈಕಲ್ಲಿಗೆ ಹೆಸರಾದ ಆ ದೇಶದಲ್ಲಿ 1971ರಲ್ಲಿ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ಮಗಳನ್ನು ಕಳೆದುಕೊಂಡ ಫಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ 1972ರಲ್ಲಿ, ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದರು. ತಾಯಿತಂದೆಯರು ಬೀದಿಗೆ ಬಂದರು. ಆಮ್‌ಸ್ಟರ್‌ಡ್ಯಾಮಿನ ಡಿ ಪೈಪ್ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಮಕ್ಕಳೇ ಮುಂದೆ ನಿಂತು, ನಮಗೆ ಆಡಲು ಬೀದಿ ಕೊಡಿ ಎಂದು ಹಟ ಹಿಡಿದರು. ಸೈಕಲ್ ದಾರಿಗಳು ಬಂದದ್ದು, ಮನೆಗಳಿರುವ ಬೀದಿಯಲ್ಲಿ ವಾಹನಗಳ ವೇಗ ಇಳಿದದ್ದು ಆಮೇಲೆ. ಮೊದಲಿಂದಲೂ ಅವರ ಊರು ಹಾಗೇ ಇತ್ತು ಎಂದು ನಾನು ತಿಳಿದಿದ್ದೆ.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1 ಲಕ್ಷ 68 ಸಾವಿರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಈ ಅಂಕಿಯನ್ನು ಹೆದರಿಸಲು ಹೇಳುತ್ತಿಲ್ಲ. ನಡೆಯುವವರನ್ನು ಯಾರಾದರೂ ಕೂತು ಎಣಿಸಬೇಕಲ್ಲ, ಆ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯಲಿ ಎಂದು.

ಪತ್ರ ಮುಟ್ಟಿದೆ ಎಂದು ಉತ್ತರ ಬಂತು. ಒಬ್ಬರು ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ಕಟ್ಟೆ ಇನ್ನೂ ಬಂದಿಲ್ಲ. ಹಸಿರು ಈಗಲೂ 12 ಸೆಕೆಂಡೇ.

ಆದರೆ ಗಣೇಶನ ಹಬ್ಬದ ಮರುವಾರ ನಾನು ಮನೆಯಿಂದ ಹೊರಟೆ. ಎಡಗೈ ಪುಟ್ಟನ ಕೈಯಲ್ಲಿ. ಬಲಕ್ಕೆ ನನ್ನ ಹಾಗೆಯೇ ಮನೆ ಹಿಡಿದಿದ್ದ ಎದುರುಮನೆಯ ಶಾನುಭೋಗರ ಹೆಂಡತಿ. ಹಸಿರು ಬಂತು, ಹೊರಟೆವು. ನಡು ದಾಟುವಷ್ಟರಲ್ಲಿ ಹಸಿರು ಹೋಯಿತು. ಅಕ್ಕ ನಮ್ಮ ಮಗ್ಗುಲಿಗೆ ನಿಂತು ಕೈ ಎತ್ತಿದಳು. ಮುಂದಿದ್ದ ಬಸ್ಸಿನ ಡ್ರೈವರು ಅವಳನ್ನು ನೋಡಿ, ನಮ್ಮನ್ನು ನೋಡಿ, ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. 'ನಿಧಾನಕ್ಕೆ ಹೋಗಿ' ಎಂಬಂತೆ ಕೈ ಸನ್ನೆ ಮಾಡಿದ. ಪುಟ್ಟ ಜೋರಾಗಿ ಎಣಿಸುತ್ತಿದ್ದ. "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು!" ನನ್ನ ಚಪ್ಪಲಿ ಆಚೆಯ ಕಲ್ಲನ್ನು ಮುಟ್ಟಿತು. ಲೆಕ್ಕ ಸರಿಯಾಗಿತ್ತು.

ಗ್ರಂಥಾಲಯದಲ್ಲಿ ಆ ತಾಯಿ ದಪ್ಪ ಪುಸ್ತಕ ತೆರೆದು ನೋಡಿ, "ಅಮ್ಮಾ, ನಿಮ್ಮ ಹತ್ತಿರ ಒಂದು ಪುಸ್ತಕ ಶಿವರಾತ್ರಿಯಿಂದ ಉಳಿದಿದೆ" ಎಂದರು. ದಂಡ ಕಟ್ಟಿದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ದಂಡ ಕಟ್ಟಿಲ್ಲ.

ಅಕ್ಕನ ಪಿಎಚ್.ಡಿ. ಮುಗಿಯಲು ಇನ್ನೂ ಎರಡು ವರ್ಷ ಬೇಕಂತೆ. ಪುಸ್ತಕದ ಮೊದಲ ಪುಟದಲ್ಲಿ ಯಾರ ಹೆಸರು ಬರೆಯುತ್ತೀಯ ಎಂದು ಕೇಳಿದೆ. "ಹಳ್ಳದ ಆಚಿ ಊರಾಕಿದು" ಎಂದಳು.

ಈ ವಾರದ ಕೆಲಸ ಇದು ಮಕ್ಕಳೇ. ಮನೆಯ ಅಜ್ಜ ಅಜ್ಜಿಯ ಜೊತೆ 7 ಮೀಟರ್ ಅಳೆದು ನಡೆಸಿ. ಓಡಿಸಬೇಡಿ, ದಿನದ ನಡಿಗೆಯೇ ಇರಲಿ. ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. ಆಮೇಲೆ ದೊಡ್ಡವರೊಬ್ಬರ ಜೊತೆ ಹೋಗಿ, ಫುಟ್‌ಪಾತಿನ ಮೇಲೇ ನಿಂತು, ನಿಮ್ಮ ಸಿಗ್ನಲ್ಲಿನ ಹಸಿರು ಮನುಷ್ಯ ಎಷ್ಟು ಹೊತ್ತು ಇರುತ್ತಾನೆ ಎಂದು ಎಣಿಸಿ. ರಸ್ತೆಯ ಅಗಲವನ್ನು ದೊಡ್ಡವರು ದಾಟುವಾಗ ಹೆಜ್ಜೆಯಲ್ಲಿ ಅಳೆಯಲಿ. ಲೆಕ್ಕ ಮಾಡಿ ನನಗೆ ಬರೆಯಿರಿ.

ಮತ್ತೆ, ಮನೆಯಲ್ಲಿ ಯಾರಾದರೂ ಬಹಳ ದಿನದಿಂದ "ಮಂಡಿನೋವು" ಎನ್ನುತ್ತಿದ್ದರೆ, ಮುಲಾಮು ತರುವ ಮೊದಲು ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ, ರಸ್ತೆ ದಾಟಲು ಭಯವೇ ಎಂದು.